ಬೆಳೆ ಸ್ಪರ್ಧೆ: ಬಹುಮಾನ ಯಾವುದಕ್ಕೆ, ಯಾರಿಗೆ?

(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಪಾಠ)



ಧಾರವಾಡ ಸೀಮೆಗೆ ಸ್ಪರ್ಧೆ ಎಂಬುದು ಹೊಸ ಮಾತಲ್ಲ. ಕಾರ ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಪೀಕು ಚೆನ್ನ, ಕೆಂದೆತ್ತು ಮುಂದಾದರೆ ಮುಂಗಾರಿ ಚೆನ್ನ ಎಂಬ ನಂಬಿಕೆ ಹಲವು ಊರುಗಳಲ್ಲಿದೆ. ಜಾತ್ರೆ ಬಂತೆಂದರೆ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವುದು, ತೆರಬಂಡಿ. ಇವಕ್ಕೆಲ್ಲ ಮನೆ ಮನೆಗೆ ಹೋಗಿ ಯಾರೂ ಅರ್ಜಿ ಹಂಚುವುದಿಲ್ಲ. ಬಹುಮಾನವೂ ಹಲವು ಸಲ ಒಂದು ಬೆಳ್ಳಿ ಕಡಗ, ಒಂದು ರುಮಾಲು, ಒಂದು ತೆಂಗಿನಕಾಯಿ. ಆದರೂ ಊರಿಗೆ ಊರೇ ಸೇರುತ್ತದೆ. ಅದೇ ಊರಿನಲ್ಲಿ ಬೆಳೆ ಸ್ಪರ್ಧೆಗೆ ಹೆಸರು ಕೊಡಿರೆಂದು ಕಾರ್ಯಕರ್ತರು ಹೊಲದ ಬದುವಿಗೆ ಹೋಗಿ ಕೇಳಿದರೂ ಜನ ಹಿಂದೆ ಸರಿಯುತ್ತಾರೆ. "ನೀರು ಇದ್ದವ್ರ ಗೆಲ್ಲತಾರ್ರೀ, ನಾವ್ಯಾಕ ಹೆಸರು ಹಚ್ಚೂಣು?" ಎಂಬ ಉತ್ತರ ಕೇಳದ ಕಾರ್ಯಕರ್ತರು ಕಡಿಮೆ.

ಈ ಉತ್ತರವನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸರಿಯಲ್ಲ. ಕುಸ್ತಿಯ ಅಖಾಡಾದಲ್ಲಿ ತೂಕ ನೋಡಿ ಜೋಡಿ ಕಟ್ಟುತ್ತಾರೆ. ದನದ ಜಾತ್ರೆಯ ಪ್ರದರ್ಶನದಲ್ಲಿ ಹಾಲುಹಲ್ಲಿನ ಹೋರಿ, ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಬಾಯಿಗೂಡಿದ್ದು ಎಂದು ಬೇರೆ ಬೇರೆ ವರ್ಗ ಮಾಡಿ ಬಹುಮಾನ ಕೊಡುತ್ತಾರೆ. ಹಾಲುಹಲ್ಲಿನ ಕರುವನ್ನು ಬಾಯಿಗೂಡಿದ ಎತ್ತಿನ ಪಕ್ಕದಲ್ಲಿ ನಿಲ್ಲಿಸಿ ಯಾವುದು ದೊಡ್ಡದೆಂದು ಯಾರೂ ಕೇಳುವುದಿಲ್ಲ. ತೀರ್ಪು ಎಲ್ಲರ ಕಣ್ಣ ಮುಂದೆ ಆಗುತ್ತದೆ, ಬಹುಮಾನ ಅಂದೇ ಕೈಗೆ ಬರುತ್ತದೆ. ಬೆಳೆ ಸ್ಪರ್ಧೆಗಳು ಎಡವುವುದು ಈ ಮೂರು ಕಡೆಯಲ್ಲೇ.

ಈ ಸ್ಪರ್ಧೆಗಳ ಹುಟ್ಟನ್ನು ಸ್ವಲ್ಪ ನೆನೆಯಬೇಕು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೇಶದಲ್ಲಿ ಅನ್ನಕ್ಕೆ ತೀವ್ರ ಕೊರತೆಯಿತ್ತು. 'ಅಧಿಕ ಆಹಾರ ಬೆಳೆಯಿರಿ' ಎಂಬ ಆಂದೋಲನದ ದಿನಗಳವು. ಆಗ ಅಖಿಲ ಭಾರತ ಮಟ್ಟದ ಬೆಳೆ ಸ್ಪರ್ಧೆಗಳು ನಡೆದು, ಅತಿ ಹೆಚ್ಚು ಇಳುವರಿ ತೆಗೆದವರಿಗೆ 'ಕೃಷಿ ಪಂಡಿತ' ಎಂಬ ಬಿರುದು ದೊರೆಯುತ್ತಿತ್ತು. ಎಕರೆಗೆ ಎಷ್ಟು ಚೀಲ ಎಂಬ ಒಂದೇ ಪ್ರಶ್ನೆ ಕೇಳಿದ್ದು ಆ ಕಾಲಕ್ಕೆ ತಪ್ಪಲ್ಲ, ದೇಶಕ್ಕೆ ಬೇಕಾಗಿದ್ದುದೇ ಚೀಲ. ಕರ್ನಾಟಕದಲ್ಲಿ ಮುಂದೆ ಕೃಷಿ ಇಲಾಖೆಯ ಇಳುವರಿ ಸ್ಪರ್ಧೆಗಳು ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳಲ್ಲಿ ನಡೆದುಬಂದಿವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು 1986ರಲ್ಲಿ ಸ್ಥಾಪನೆಯಾಯಿತು. ಅದರ ಕೃಷಿ ಮೇಳದಲ್ಲಿ ಶ್ರೇಷ್ಠ ಕೃಷಿಕ, ಶ್ರೇಷ್ಠ ಕೃಷಿ ಮಹಿಳೆ ಪ್ರಶಸ್ತಿಗಳಿವೆ. ಇಂಥ ದೊಡ್ಡ ಪ್ರಶಸ್ತಿಗಳು ಇರಬೇಕಾದವೇ. ಆದರೆ ಊರಿನ ಸಹಕಾರಿ ಸಂಘ, ರೈತ ಗುಂಪು, ಜಲಾನಯನ ಸಮಿತಿ, ಹೋಬಳಿಯ ರೈತ ಸಂಪರ್ಕ ಕೇಂದ್ರ ಇವು ತಾವೇ ಒಂದು ಸಣ್ಣ ಸ್ಪರ್ಧೆ ನಡೆಸಬಯಸಿದಾಗ ಹೇಗೆ ರೂಪಿಸಬೇಕೆಂಬುದು ಇಲ್ಲಿ ವಿಚಾರ ಮಾಡಬೇಕಾದ ಸಂಗತಿ.

ಮೊದಲನೆಯ ಮಾತು: ಬಹುಮಾನ ಯಾವುದಕ್ಕೋ ಬೆಳೆಯೂ ಅದಕ್ಕೇ. ರೈತ ಬುದ್ಧಿವಂತ, ತೀರ್ಪುಗಾರರು ಏನನ್ನು ಅಳೆಯುತ್ತಾರೋ ಅದನ್ನೇ ಬೆಳೆದು ತೋರಿಸುತ್ತಾನೆ. ಅದಕ್ಕೆ ಅಮೆರಿಕೆಯ ಒಂದು ಹಳೆಯ ಉದಾಹರಣೆ ಇದೆ. ಕಳೆದ ಶತಮಾನದ ಆರಂಭದಲ್ಲಿ ಅಲ್ಲಿಯ ಅಯೋವಾ ಪ್ರಾಂತದಲ್ಲಿ ಗೋವಿನಜೋಳದ ತೆನೆಗಳ ಪ್ರದರ್ಶನಗಳು ಜಾತ್ರೆಯಂತೆ ನಡೆಯುತ್ತಿದ್ದವು. ಒಂದೇ ಅಳತೆಯ, ನೇರ ಸಾಲಿನ ಕಾಳಿನ, ತುದಿಯವರೆಗೂ ತುಂಬಿದ ಚೆಲುವಾದ ತೆನೆಗೆ ಬಹುಮಾನ. ರೈತರು ಆ ತೆನೆಗಳನ್ನೇ ಬೀಜಕ್ಕೆ ಆರಿಸತೊಡಗಿದರು. 1904ರಲ್ಲಿ ಹೆನ್ರಿ ವ್ಯಾಲೇಸ್ ಎಂಬ 16 ವರ್ಷದ ಹುಡುಗ ಈ ಚೆಲುವಿನ ತೆನೆಗಳನ್ನೂ ಕುರೂಪವಾದವನ್ನೂ ಬೇರೆ ಬೇರೆ ಸಾಲುಗಳಲ್ಲಿ ಬಿತ್ತಿ, ರಾಶಿ ಮಾಡಿ ತೂಗಿ ನೋಡಿದ. ತೆನೆಯ ಅಂದಕ್ಕೂ ಅದರ ಬೀಜದಿಂದ ಬಂದ ಇಳುವರಿಗೂ ಸಂಬಂಧವೇ ಕಾಣಲಿಲ್ಲ. ಮುಂದೆ 1920ರಿಂದ ಆ ಪ್ರಾಂತದಲ್ಲಿ ಅಂದದ ಬದಲು ಇಳುವರಿಯನ್ನೇ ತೂಗಿ ನೋಡುವ ಸ್ಪರ್ಧೆ ಆರಂಭವಾಯಿತು. ಸಂಕರಣ ಬೀಜ ಗೆದ್ದು ಬಂದ ದಾರಿಯೂ ಅದೇ. ಆ ಹುಡುಗ ಮುಂದೆ ಬೀಜದ ಕಂಪನಿ ಕಟ್ಟಿದ, ಕೊನೆಗೆ ಆ ದೇಶದ ಉಪಾಧ್ಯಕ್ಷನೂ ಆದ.

ಫಲಪುಷ್ಪ ಪ್ರದರ್ಶನಗಳಲ್ಲಿ ಅತಿ ದೊಡ್ಡ ಕುಂಬಳಕಾಯಿಗೆ ಬಹುಮಾನ ಕೊಡುವುದು ನೋಡುವವರಿಗೆ ಚಂದ. ಅದರಿಂದ ಕುಂಬಳದ ಬೇಸಾಯವೇನೂ ಸುಧಾರಿಸದು. ಅಷ್ಟನ್ನು ತಿಳಿದು ಕೊಟ್ಟರೆ ಅಡ್ಡಿಯಿಲ್ಲ.

ಅಂದದ ಮಾತು ಹಾಗಾದರೆ, ಬರೀ ತೂಕದ ಮಾತೂ ನಿರ್ದೋಷಿಯಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿ. ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆ ಹೊಲಗಳಲ್ಲಿ ಬೆಳೆಯುವ ಈ ಕಾಯಿಗೆ ಬೆಲೆ ಬರುವುದು ಅದರ ಕೆಂಪು ಬಣ್ಣದಿಂದ, ಸುಕ್ಕಿನಿಂದ, ಕಡಿಮೆ ಖಾರದಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಎಕರೆಗೆ ಹೆಚ್ಚು ಒಣಕಾಯಿ ತೂಗಿದವರಿಗೆ ಬಹುಮಾನ ಎಂದು ಸಾರಿದರೆ ಡಬ್ಬಿ, ಕಡ್ಡಿ ಬೆಳೆದವನು ಮೊದಲೇ ಸೋತಂತೆ. ಗುಂಟೂರು ಮಾದರಿಯ ಖಾರದ ಸಂಕರಣ ತಳಿ ಹಾಕಿದವನು ಗೆಲ್ಲುತ್ತಾನೆ, ಮುಂದಿನ ವರ್ಷ ನಾಲ್ಕು ಜನ ಅವನ ದಾರಿ ಹಿಡಿಯುತ್ತಾರೆ. ಊರಿಗೆ ಹೆಸರು ತಂದ ಕಾಯಿಯನ್ನು ಸ್ಪರ್ಧೆಯೇ ಹೊಲದಿಂದ ಹೊರಗೆ ಹಾಕಿದಂತಾಗುತ್ತದೆ. ಇಲ್ಲಿ ಬಣ್ಣ, ಒಣಗಿಸಿದ ರೀತಿ, ತೊಟ್ಟು ಮತ್ತು ಬಿಳಿಗಾಯಿ ಬೇರ್ಪಡಿಸಿದ ಸ್ವಚ್ಛತೆ, ಮಾರುಕಟ್ಟೆಯಲ್ಲಿ ಸಿಕ್ಕ ದರ ಇವುಗಳಿಗೆ ಗುಣಾಂಕ ಇಡಬೇಕು.

ಇಳುವರಿಗೆ ಮಾತ್ರ ಬಹುಮಾನವಿಟ್ಟಾಗ ಆಗುವ ಇನ್ನೊಂದು ಅನರ್ಥವೆಂದರೆ ಖರ್ಚಿನ ಲಗಾಮು ತಪ್ಪುವುದು. ಉದಾಹರಣೆಗೆ ಗೋವಿನಜೋಳದ ಒಂದು ಲೆಕ್ಕ ಹಿಡಿಯಿರಿ. ಒಬ್ಬ ರೈತ ಎಕರೆಗೆ 42,000 ರೂಪಾಯಿ ಸುರಿದು 32 ಕ್ವಿಂಟಲ್ ತೆಗೆದ. ಇನ್ನೊಬ್ಬ 22,000 ರೂಪಾಯಿಯಲ್ಲಿ 24 ಕ್ವಿಂಟಲ್ ತೆಗೆದ. ಕ್ವಿಂಟಲಿಗೆ 2,000 ರೂಪಾಯಿ ದರ ಹಿಡಿದರೆ ಮೊದಲಿನವನಿಗೆ ಉಳಿದದ್ದು 22,000, ಎರಡನೆಯವನಿಗೆ 26,000. ಶಾಲು ಹೊದಿಸಿಕೊಂಡವನು ಮೊದಲಿನವನು, ಸಂಸಾರ ನಡೆಸಿದವನು ಎರಡನೆಯವನು. ಶಾಲಿಗಾಗಿ ಯೂರಿಯಾ ಎರಡು ಪಟ್ಟು ಹಾಕಿ ಬೆಳೆ ಮಲಗಿಸಿಕೊಂಡರೆ ಶಾಲೂ ಇಲ್ಲ, ರಾಶಿಯೂ ಇಲ್ಲ. ಆದ್ದರಿಂದ ಖರ್ಚು-ಉತ್ಪನ್ನದ ಲೆಕ್ಕವನ್ನು ಸ್ಪರ್ಧೆಯ ಅಂಗವಾಗಿ ಮಾಡುವುದು ಅಗತ್ಯ. ಇದೇನೂ ಹೊಸ ಯೋಚನೆಯಲ್ಲ. 1910ರ ಸುಮಾರಿಗೆ ಅಮೆರಿಕೆಯ ದಕ್ಷಿಣ ಭಾಗದಲ್ಲಿ ರೈತರ ಮಕ್ಕಳಿಗಾಗಿ ನಡೆದ ಗೋವಿನಜೋಳದ ಸಂಘಗಳಲ್ಲಿ ಪ್ರತಿಯೊಬ್ಬ ಹುಡುಗನಿಗೂ ಒಂದು ಎಕರೆ. ನೂರು ಗುಣಗಳಲ್ಲಿ ಇಳುವರಿಗೆ 30, ನಿವ್ವಳ ಲಾಭಕ್ಕೆ 30, ಆಯ್ದ 10 ತೆನೆಗಳ ಪ್ರದರ್ಶನಕ್ಕೆ 20, ಬೆಳೆ ಬೆಳೆದ ಬಗೆಯನ್ನು ಸ್ವತಃ ಬರೆದ ವರದಿಗೆ 20. ದಕ್ಷಿಣ ಕೆರೊಲಿನಾದ ಒಬ್ಬ ಹುಡುಗ 1910ರಲ್ಲಿ ಎಕರೆಗೆ 228 ಬುಷೆಲ್ಲಿಗೂ ಮಿಕ್ಕಿ, ಎಂದರೆ ಸುಮಾರು 58 ಕ್ವಿಂಟಲ್ ತೆಗೆದು ಹೆಸರಾದ. ಆದರೆ ಆ ಸಂಘಗಳ ನಿಜವಾದ ಫಲ ಆ ಒಂದು ದಾಖಲೆಯಲ್ಲ. ಸಾವಿರಾರು ಹುಡುಗರು ಲೆಕ್ಕ ಬರೆದರು, ಅಪ್ಪಂದಿರು ಮಗನ ಒಂದು ಎಕರೆಯನ್ನು ತಮ್ಮ ಹೊಲದ ಜೊತೆ ಹೋಲಿಸಿ ನೋಡಿದರು.

ಈಗ ಎರಡನೆಯ ಮಾತು, ಯಾರು ಯಾರೊಡನೆ ಸ್ಪರ್ಧಿಸಬೇಕು ಎಂಬುದು. ನೀರಾವರಿ, ಮಳೆಯಾಶ್ರಿತ ಎಂದು ಬೆಳೆವಾರು ವಿಂಗಡಿಸುವ ಪದ್ಧತಿ ಇಲಾಖೆಯ ಸ್ಪರ್ಧೆಗಳಲ್ಲಿ ಇದ್ದೇ ಇದೆ. ಅಷ್ಟರಿಂದಲೇ ಮುಗಿಯುವುದಿಲ್ಲ. ಧಾರವಾಡ ಜಿಲ್ಲೆ ಚಿಕ್ಕದಾದರೂ ಅದರಲ್ಲಿ ಎರಡು ಮೂರು ಸೀಮೆಗಳಿವೆ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರದ ಕಡೆ ಮಳೆ ಹೆಚ್ಚು, ಕೂರಿಗೆಯಿಂದ ಬಿತ್ತುವ ಭತ್ತದ ನಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಆಳವಾದ ಎರೆ, ಮಳೆ ಕಡಿಮೆ, ಹಿಂಗಾರಿ ಜೋಳ, ಕಡಲೆ, ಹತ್ತಿ. ಅದೇ ನವಲಗುಂದದಲ್ಲಿ ಮಲಪ್ರಭಾ ಕಾಲುವೆಯ ನೀರು ತಲುಪುವ ಹೊಲವೂ ಇದೆ, ಕಾಲುವೆ ಕಂಡೂ ನೀರು ಕಾಣದ ಹೊಲವೂ ಇದೆ. ಮಸಾರಿ ಭೂಮಿಯ ಎರಡು ಎಕರೆಯವನನ್ನು ಇವರೆಲ್ಲರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಅವನು ಬರುವುದಿಲ್ಲ. ಅವನು ಬಾರದಿದ್ದರೆ ಸ್ಪರ್ಧೆಯ ಉದ್ದೇಶವೇ ಹೋಯಿತು. ಕಲಿಯಬೇಕಾದವನು ಹೊರಗುಳಿದು, ಮೊದಲೇ ಬಲ್ಲವನು ಒಳಗೆ ಬಂದು ಮತ್ತೊಂದು ಶಾಲು ಒಯ್ದಂತಾಗುತ್ತದೆ.

ಇದಕ್ಕೊಂದು ಸುಲಭ ಉಪಾಯವೆಂದರೆ ರೈತನ ಇಳುವರಿಯನ್ನು ಇನ್ನೊಬ್ಬ ರೈತನ ಇಳುವರಿಯ ಜೊತೆ ಹೋಲಿಸುವ ಬದಲು ಅವನದೇ ಸುತ್ತಿನ ಸರಾಸರಿಯ ಜೊತೆ ಹೋಲಿಸುವುದು. ಕಾಲುವೆ ಕೆಳಗಿನ ಸುತ್ತಿನಲ್ಲಿ ಸರಾಸರಿ 22 ಕ್ವಿಂಟಲ್ ಇದ್ದು ಒಬ್ಬ 28 ತೆಗೆದರೆ ಅವನು ನೂರಕ್ಕೆ 27ರಷ್ಟು ಮುಂದು. ಒಣ ಸುತ್ತಿನಲ್ಲಿ ಸರಾಸರಿ 5 ಇದ್ದಲ್ಲಿ ಇನ್ನೊಬ್ಬ 7 ತೆಗೆದರೆ ಅವನು ನೂರಕ್ಕೆ 40 ಮುಂದು. ಗೆದ್ದವನು ಎರಡನೆಯವನು. ಸರಾಸರಿ ಎಲ್ಲಿಂದ ತರಬೇಕೆಂದು ಕೇಳಬಹುದು. 2016ರಿಂದ ನಡೆದುಬಂದಿರುವ ಫಸಲ್ ಬಿಮಾ ಯೋಜನೆಗಾಗಿ ಮುಖ್ಯ ಬೆಳೆಗಳ ಕಟಾವು ಪ್ರಯೋಗಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಆಗುತ್ತಿವೆ. ಆ ಅಂಕಿಗಳನ್ನು ಬಳಸಿಕೊಂಡರೆ ಹೊಸ ಖರ್ಚಿಲ್ಲ. ಬೆಳೆ ಕಟಾವು ಪ್ರಯೋಗ ಎಂದರೇನೆಂಬುದು ಈಗ ಪ್ರತಿ ಊರಿಗೂ ಗೊತ್ತು. ವಿಮೆಯ ಕಟಾವಿಗೆ ಬಂದಾಗ ತೆನೆ ಸಣ್ಣದಾಗಿ ಕಾಣಲಿ ಎಂದು ಹಾರೈಸುವ ಕೈಯೇ ಸ್ಪರ್ಧೆಯ ಕಟಾವಿನಲ್ಲಿ ದೊಡ್ಡದಾಗಿ ಕಾಣಲಿ ಎಂದು ಹಾರೈಸುತ್ತದೆ. ಇದು ಮನುಷ್ಯ ಸಹಜ. ಅದಕ್ಕಾಗಿಯೇ ಅಳತೆಯ ಮಾತು ಬಿಗಿಯಾಗಿರಬೇಕು.

ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಸ್ಪರ್ಧೆಗಳು ಜನರ ವಿಶ್ವಾಸ ಕಳೆದುಕೊಳ್ಳುವುದು ಇಲ್ಲಿಯೇ. ಜೋಳ, ಗೋಧಿ, ಭತ್ತ ಮುಂತಾದ ಬೆಳೆಗಳಲ್ಲಿ ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಕೊಯ್ದು ತೂಗುತ್ತಾರೆ. ಇದು 25 ಚದರ ಮೀಟರ್. ಹೆಕ್ಟೇರಿಗೆ ಇಳುವರಿ ತಿಳಿಯಲು 400ರಿಂದ ಗುಣಿಸಬೇಕು. ಎಂದರೆ ಚೌಕದಲ್ಲಿ ಒಂದು ಕಿಲೋ ತಪ್ಪಾದರೆ ಹೆಕ್ಟೇರಿನಲ್ಲಿ ನಾಲ್ಕು ಕ್ವಿಂಟಲ್ ತಪ್ಪು. ಹಿಂಗಾರಿ ಜೋಳವನ್ನು 45 ಸೆಂಟಿಮೀಟರ್ ಸಾಲಿನಲ್ಲಿ ಬಿತ್ತಿದ್ದರೆ 5 ಮೀಟರಿನಲ್ಲಿ 11 ಸಾಲು ಬೀಳುತ್ತವೆ. ಹಗ್ಗ ಒಂದಿಷ್ಟು ಆಚೆ ಸರಿದು 12ನೆಯ ಸಾಲು ಒಳಗೆ ಬಂದರೆ ಇಳುವರಿ ನೂರಕ್ಕೆ 9ರಷ್ಟು ಏರಿತು. ಚೌಕದ ನಿಜವಾದ ಕಾಳು 3 ಕಿಲೋ, ಎಂದರೆ ಹೆಕ್ಟೇರಿಗೆ 12 ಕ್ವಿಂಟಲ್ ಇದ್ದಲ್ಲಿ, ಆ ಒಂದು ಸಾಲಿನಿಂದ ಒಂದು ಕ್ವಿಂಟಲಿಗೂ ಹೆಚ್ಚು ಸುಳ್ಳು ಸೇರುತ್ತದೆ. ಬಹುಮಾನ ಬದಲಾಗಲು ಇಷ್ಟು ಸಾಕು, ಮೋಸದ ಉದ್ದೇಶವೂ ಬೇಕಿಲ್ಲ.

1940ರ ದಶಕದಲ್ಲಿ ಪಿ. ವಿ. ಸುಖಾತ್ಮೆ ಮತ್ತು ವಿ. ಜಿ. ಪಾನ್ಸೆ ಎಂಬ ಸಂಖ್ಯಾಶಾಸ್ತ್ರಜ್ಞರು ದೇಶದಲ್ಲಿ ಕಟಾವು ಪ್ರಯೋಗಗಳಿಗೆ ಭದ್ರ ತಳಹದಿ ಹಾಕಿದರು. ಚೌಕ ಬಹಳ ಚಿಕ್ಕದಾದಷ್ಟೂ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಅಂಚಿನ ಗಿಡಗಳನ್ನು ಕೊಯ್ಯುವವರು ಒಳಗೇ ಸೇರಿಸಿಕೊಳ್ಳುವ ಪ್ರವೃತ್ತಿ ಇದಕ್ಕೆ ಕಾರಣ ಎಂದು ಸುಖಾತ್ಮೆಯವರು ತೋರಿಸಿಕೊಟ್ಟರು. ಆದ್ದರಿಂದ ಎರಡು ಮೂರು ಗಿಡ ನೋಡಿ, ನಾಲ್ಕು ತೆನೆ ತೂಗಿ ಇಳುವರಿ ಹೇಳುವ ಪದ್ಧತಿಯನ್ನು ಸ್ಪರ್ಧೆಯ ಹತ್ತಿರ ಸುಳಿಯಗೊಡಬಾರದು. ಚೌಕ ಎಲ್ಲಿ ಬೀಳಬೇಕೆಂಬುದನ್ನು ರೈತನೂ ಆರಿಸಬಾರದು, ತೀರ್ಪುಗಾರನೂ ಆರಿಸಬಾರದು. ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಗಲಕ್ಕೆ ಎಷ್ಟು ಹೆಜ್ಜೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ನಾಲ್ಕು ಗೂಟ ಹೊಡೆದ ಮೇಲೆ ಕರ್ಣ ಅಳೆಯಬೇಕು. ಎರಡೂ ಕರ್ಣಗಳು 7 ಮೀಟರ್ 7 ಸೆಂಟಿಮೀಟರ್ ಬಂದರೆ ಚೌಕ ಸರಿ, ಇಲ್ಲವಾದರೆ ಗೂಟ ಕಿತ್ತು ಮತ್ತೆ ಹೊಡೆಯಬೇಕು. ಕೈಲಾದಲ್ಲಿ ಸ್ಪರ್ಧೆಯ ಪೂರ್ತಿ ಎಕರೆಯನ್ನೇ ಕಣದಲ್ಲಿ ತೂಗುವುದು ಎಲ್ಲಕ್ಕಿಂತ ಮೇಲು.

ಕಾಳಿನ ತೇವಾಂಶವನ್ನು ಮರೆತವರು ಬಹಳ. ನೂರಕ್ಕೆ 20 ತೇವವಿರುವ 100 ಕಿಲೋ ಕಾಳು 12ಕ್ಕೆ ಒಣಗಿದಾಗ 91 ಕಿಲೋ ಆಗುತ್ತದೆ. ಒಬ್ಬನ ರಾಶಿಯನ್ನು ಕೊಯ್ದ ದಿನ, ಇನ್ನೊಬ್ಬನದನ್ನು ಎಂಟು ದಿನ ಬಿಸಿಲು ಕಂಡ ಮೇಲೆ ತೂಗಿದರೆ ಗೆಲುವು ಹಸಿಕಾಳಿನದು. ತೂಗಿದ ಕಾಳಿನ ಮಾದರಿಯನ್ನು ಚೀಲದಲ್ಲಿ ಕಟ್ಟಿ, ಒಣಗಿಸಿ, ಮತ್ತೆ ತೂಗಿ ಎಲ್ಲರಿಗೂ ಒಂದೇ ಮಟ್ಟಕ್ಕೆ ತರಬೇಕು.

2011ರಲ್ಲಿ ಬಿಹಾರದ ನಾಲಂದಾ ಜಿಲ್ಲೆಯ ಒಬ್ಬ ರೈತ ಹೆಕ್ಟೇರಿಗೆ 22.4 ಟನ್ ಭತ್ತ ಬೆಳೆದನೆಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಸಂಕರಣ ಭತ್ತದ ಪಿತಾಮಹರೆನಿಸಿದ ಚೀನದ ಯುವಾನ್ ಲಾಂಗ್‌ಪಿಂಗ್ ಅದನ್ನು ನಂಬಲಿಲ್ಲ. ಅಳೆದದ್ದು ಪ್ರಶ್ನೆಗೆ ಎಡೆಯಿಲ್ಲದಂತೆ ಇಲ್ಲದಿದ್ದರೆ, ದುಡಿದು ಬೆಳೆದವನ ಮೇಲೂ ಅನುಮಾನದ ನೆರಳು ಬೀಳುತ್ತದೆ. ಊರಿನ ಸ್ಪರ್ಧೆಯಲ್ಲೂ ಹಾಗೆಯೇ. ತೂಕದ ದಿನ ಅಕ್ಕಪಕ್ಕದ ಹೊಲದವರು, ಇತರ ಸ್ಪರ್ಧಿಗಳು, ಸೋಲುವ ಭಯವಿರುವವರು ಮುಖ್ಯವಾಗಿ ಎದುರಿಗಿರಬೇಕು. ಇವರಿಗಿಂತ ಒಳ್ಳೆಯ ಕಾವಲುಗಾರರಿಲ್ಲ.

ಉತಾರ ಯಾರ ಹೆಸರಿನಲ್ಲಿದೆಯೋ ಅರ್ಜಿ ಅವರದೇ ಆಗುವುದು ವಾಡಿಕೆ. ಇದರಿಂದ ಲಾವಣಿ ಹಿಡಿದು ಅಥವಾ ಪಾಲಿಗೆ ಮಾಡುವವನು ಹೊರಗಾಗುತ್ತಾನೆ. ಹೆಣ್ಣುಮಕ್ಕಳಂತೂ ಕಳೆ ತೆಗೆದು, ತೆನೆ ಮುರಿದು, ರಾಶಿ ಹಸನು ಮಾಡಿ, ಬೀಜ ಕಾದಿಟ್ಟು, ವೇದಿಕೆಯ ಕೆಳಗೆ ಕುಳಿತು ಚಪ್ಪಾಳೆ ಹೊಡೆಯುವವರಾಗುತ್ತಾರೆ. ಊರಿನ ಸಂಘ ನಡೆಸುವ ಸ್ಪರ್ಧೆಗೆ ಉತಾರದ ಕಟ್ಟು ಬೇಕಿಲ್ಲ. ಹೊಲ ಮಾಡುವ ಗಂಡ ಹೆಂಡಿರಿಬ್ಬರ ಹೆಸರೂ ಪಟ್ಟಿಯಲ್ಲಿ ಬರಲಿ. ಹೆಣ್ಣುಮಕ್ಕಳೇ ಮುಂದಾಗಬಲ್ಲ ಇನ್ನೊಂದು ಸ್ಪರ್ಧೆ ಬೀಜದ್ದು. ಪ್ರತಿ ಮನೆಯಿಂದ ಕಾದಿಟ್ಟ ಜೋಳದ ಬೀಜ ತರಿಸಿ, 100 ಕಾಳು ಎಣಿಸಿ, ತೋಯಿಸಿದ ಗೋಣಿತಟ್ಟಿನಲ್ಲಿ ಸುತ್ತಿ, ಹೆಸರಿನ ಚೀಟಿ ಕಟ್ಟಿ ಇಡಬೇಕು. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ಮೊಳೆತ ಕಾಳು ಎಣಿಸಿದರೆ ತೀರ್ಪು ತಾನಾಗಿಯೇ ಬಂತು. ಇದಕ್ಕೆ ಎಕರೆ ಬೇಡ, ಕಾಲುವೆ ಬೇಡ. ಸೋತವರಿಗೂ ಬಿತ್ತುವ ಮುನ್ನವೇ ತಮ್ಮ ಬೀಜದ ಗುಣ ತಿಳಿಯುತ್ತದೆ.

ಒಬ್ಬನ ಹೊಲದಲ್ಲಿ ಮಾಡಿ ಮುಗಿಯದ ಕೆಲಸಗಳಿಗೆ ಗುಂಪು ಬಹುಮಾನವೇ ಸರಿ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಗೋವಿನಜೋಳದ ಸೈನಿಕ ಹುಳು ಬದು ನೋಡಿ ನಿಲ್ಲುವುದಿಲ್ಲ. ಒಂದು ಹಳ್ಳದ ಪಾತ್ರದವರೆಲ್ಲ ಒಂದೇ ವಾರದಲ್ಲಿ ಬಿತ್ತಿ, ಸುಳಿ ನೋಡಿ, ಮೊಟ್ಟೆ ಆರಿಸಿದರೆ ಆ ಪಾತ್ರಕ್ಕೇ ಬಹುಮಾನ.

ಬಹುಮಾನದ ಹಣವನ್ನು ಹೇಗೆ ಹಂಚಬೇಕು? ಸಂಘದ ಹತ್ತಿರ 20,000 ರೂಪಾಯಿ ಇದ್ದರೆ ಅದನ್ನೆಲ್ಲ ಮೊದಲ ಸ್ಥಾನಕ್ಕೆ ಇಟ್ಟು ಬ್ಯಾನರಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸುವ ಆಸೆ ಆಗುತ್ತದೆ. ದೊಡ್ಡ ಬಹುಮಾನ ದೊಡ್ಡ ರೈತನನ್ನೂ ಸಣ್ಣ ತಕರಾರನ್ನೂ ಕರೆತರುತ್ತದೆ. ಅದರ ಬದಲು ಮೊದಲ ಮೂವರಿಗೆ ಒಂದು ಪಾಲು ಇಟ್ಟು, ಉಳಿದದ್ದನ್ನು ಸ್ಪರ್ಧೆಯನ್ನು ಪೂರ್ತಿ ಮುಗಿಸಿದ ಎಲ್ಲರಿಗೂ ಕಣಕ್ಕೆ ಹಾಸುವ ತಾಡಪಾಲು, ಕುಡಗೋಲು, ಬೀಜೋಪಚಾರದ ಔಷಧಿ ಇಂಥ ಉಪಯೋಗದ ವಸ್ತುವಾಗಿ ಕೊಡುವುದು ಲೇಸು. ಪೂರ್ತಿ ಮುಗಿಸುವುದೆಂದರೆ ಬಿತ್ತಿದ ದಿನಾಂಕ, ತಳಿ, ಗೊಬ್ಬರ, ಕೂಲಿ, ತೂಕ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಒಪ್ಪಿಸುವುದು. ಆಕಾಶವಾಣಿಯ ಬಾನುಲಿ ಕೃಷಿ ಶಾಲೆಗಳು ಒಂದು ಕಾಲಕ್ಕೆ ಇದನ್ನೇ ಮಾಡಿದವು. ಹೆಸರು ನೋಂದಾಯಿಸಿದ ರೈತರು ಪಾಠ ಕೇಳಿ ಪ್ರಶ್ನೆಗಳಿಗೆ ಅಂಚೆಯಲ್ಲಿ ಉತ್ತರ ಕಳಿಸಬೇಕಿತ್ತು, ಅದಕ್ಕೆ ಪ್ರಮಾಣಪತ್ರ, ಬಹುಮಾನ. ಆ ಬಹುಮಾನದಿಂದ ಯಾರೂ ಸಿರಿವಂತರಾಗಲಿಲ್ಲ, ಆದರೆ ಪಾಠಕ್ಕೆ ಕಿವಿ ಸಿಕ್ಕಿತು.

ಒಮ್ಮೆ ಗೆದ್ದವರನ್ನು ಮರುವರ್ಷ ಸ್ಪರ್ಧೆಯಿಂದ ಬಿಟ್ಟು ತೀರ್ಪುಗಾರರ ಸಾಲಿಗೆ ಸೇರಿಸಬೇಕು. ಅವರ ಕೈಕೆಳಗೆ ಹೊಸಬರಿಬ್ಬರನ್ನು ಕೊಟ್ಟು, ಆ ಹೊಸಬರು ಸರಾಸರಿ ದಾಟಿದರೆ ಗುರುವಿಗೂ ಒಂದು ಗೌರವ ಇಟ್ಟರೆ, ಗೆದ್ದವನ ಗುಟ್ಟು ಅವನ ಹೊಲದಲ್ಲೇ ಉಳಿಯುವುದಿಲ್ಲ.

ಕೊನೆಗೆ ವೇಳೆಯ ವಿಚಾರ. ಬೆಳೆ ಎದೆಮಟ್ಟ ನಿಂತ ಮೇಲೆ ಅರ್ಜಿ ಕರೆದರೆ ಒಳ್ಳೆಯ ಬೆಳೆ ಇದ್ದವರು ಮಾತ್ರ ಬರುತ್ತಾರೆ. ಅದು ಸ್ಪರ್ಧೆಯಲ್ಲ, ಆಯ್ಕೆ. ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ಎರಡನೆಯ ಪಕ್ಷದಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತುತ್ತಾರೆ. ಹೆಸರು ಬರೆದುಕೊಳ್ಳುವ ಕೆಲಸ ಗಣೇಶ ಚೌತಿಯ ಹೊತ್ತಿಗೇ ಆಗಬೇಕು, ನಿಯಮಗಳ ಹಾಳೆ ಅಂದೇ ರೈತನ ಕೈಯಲ್ಲಿರಬೇಕು, ನಡುವೆ ಒಂದು ನಿಯಮವನ್ನೂ ಬದಲಿಸಬಾರದು. ಸುಗ್ಗಿಯಲ್ಲಿ ತೂಕವಾದ ದಿನ ಸಂಜೆಯೇ ಎಲ್ಲರ ಅಂಕಿಗಳನ್ನೂ, ಸೋತವರದನ್ನೂ ಸೇರಿಸಿ, ಪಂಚಾಯಿತಿಯ ಫಲಕದ ಮೇಲೆ ಬರೆಯಬೇಕು. ಬಹುಮಾನವನ್ನು ಜಿಲ್ಲಾ ಸಮಾರಂಭದವರೆಗೆ ಕಾಯಿಸದೆ ಗೆದ್ದವರ ಹೊಲದಲ್ಲೇ ಕ್ಷೇತ್ರೋತ್ಸವ ಮಾಡಿ ಕೊಡಬೇಕು. ಅಂದು ಭಾಷಣಗಳನ್ನು ಕಡಿಮೆ ಮಾಡಿ, ಗೆದ್ದವರ ಲೆಕ್ಕದ ಪುಸ್ತಕವನ್ನು ಮೊದಲ ಹಾಳೆಯಿಂದ ಗಟ್ಟಿಯಾಗಿ ಓದಿಸಬೇಕು. ಯಾವ ದಿನ ಬಿತ್ತಿದರು, ಎಷ್ಟು ಸಲ ಎಡೆ ಹೊಡೆದರು, ಎಷ್ಟು ಕೂಲಿ ಕೊಟ್ಟರು ಎಂದು ಕೇಳುವವರು ಕೇಳಲಿ. ತೂಕದ ಚೀಟಿಯ ಒಂದು ಪ್ರತಿ ಪ್ರತಿಯೊಬ್ಬ ಸ್ಪರ್ಧಿಯ ಮನೆಗೂ ಹೋಗಬೇಕು. ಮುಂದಿನ ವರ್ಷ ಅವನು ಮೊದಲು ಹೋಲಿಸಿ ನೋಡುವುದು ಅದರ ಜೊತೆಗೇ.